ಎಡಕ್ಕೆ ತಿರುಗದ ಕಾರು

ಹೊರಗಿನವರು ನಿಂತು ನೋಡಿ ಹೊಗಳುವಂಥ ವಸ್ತು ಮನೆಯಲ್ಲೊಂದಿದ್ದರೆ ಮನೆಯವರು ಅದರಿಂದ ಸ್ವಲ್ಪ ದೂರವೇ ಇರುತ್ತಾರೆ ಎಂಬುದು ನನ್ನ ಅನುಭವ. ನನ್ನ ಸೋದರತ್ತೆಯ ಮನೆಯಲ್ಲಿ ಕೆತ್ತನೆ ಕೆಲಸದ ತೂಗುಮಂಚವೊಂದಿತ್ತು. ಬಂದವರೆಲ್ಲ ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮನೆಯವರು ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಸೊಂಟ ಹಿಡಿಯುತ್ತದೆಂದು ಅವರಿಗೆ ಗೊತ್ತಿತ್ತು, ಬಂದವರಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಮನೆಯಲ್ಲಿ ಅಂಥ ವಸ್ತು ಒಂದು ಕಾರು.

ಎರಡೇ ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಚಾವಣಿಯ, ಹಸಿ ಬಟಾಣಿ ಬಣ್ಣದ ಹಳೆಯ ಕಾರು. ನನಗಿಂತ ನಾಲ್ಕೈದು ವರ್ಷ ಚಿಕ್ಕದಿರಬಹುದು, ಆದರೆ ನನಗಿಂತ ಚೆನ್ನಾಗಿ ಕಾಣುತ್ತದೆ. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟನ್ನು ಮಡಚಿ, ತಲೆ ಮೊದಲೋ ಕಾಲು ಮೊದಲೋ ಎಂದು ಹೊರಗೇ ನಿಂತು ತೀರ್ಮಾನಿಸಿ ಒಳಗೆ ನುಗ್ಗಬೇಕು. ನನ್ನ ಹೆಂಡತಿ ಶೈಲಾ ಮದುವೆ ಮುಂಜಿವೆಗಳಿಗೆ ಹೋಗುವಾಗ ಇದರಲ್ಲಿ ಬರುವುದಿಲ್ಲ. "ಇಳದ ಮ್ಯಾಲೆ ಸೀರಿ ಮತ್ತೊಮ್ಮೆ ಉಡಬೇಕಾಗ್ತದ," ಎಂದು ಆಕೆಯ ತಕರಾರು. ತನ್ನ ಸ್ಕೂಟರಿನ ಮೇಲೆ ನನಗಿಂತ ಮೊದಲು ತಲುಪಿ, ಮಂಟಪದ ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯುತ್ತಾಳೆ.

ನಾನು ಬಾಗಲಕೋಟೆಯ ಕಡೆಯವನು. ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಹಡಪ್ಸರದ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮರಾಠಿಯಲ್ಲಿ, ಪಶ್ಚಾತ್ತಾಪ ಮನೆಗೆ ಬಂದು ಕನ್ನಡದಲ್ಲಿ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದ ಮುಖ್ಯಸ್ಥೆಯಾಗಿದ್ದವರು ಸುಮತಿಬಾಯಿ. ಮನೆಮಾತು ಮರಾಠಿ, ಆದರೆ ಹುಟ್ಟಿ ಬೆಳೆದದ್ದು ಬೆಳಗಾವಿ; ನನ್ನೊಂದಿಗೆ ಮೊದಲ ದಿನದಿಂದಲೂ ಕನ್ನಡವೇ. ಈ ಕಾರು ಅವರದು. ಗಂಜಿ ಹಾಕಿದ ಹತ್ತಿ ಸೀರೆಯುಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅವರು ಇದನ್ನು ಗೇಟಿನೊಳಗೆ ತರುವಾಗ ಹುಡುಗರೆಲ್ಲ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಗೌರವಕ್ಕೋ ಜೀವಭಯಕ್ಕೋ ಆಗ ತಿಳಿದಿರಲಿಲ್ಲ. ಆರು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟ ಮೇಲೆ ಕಾರನ್ನು ನನಗೆ ಒಪ್ಪಿಸಿದರು. ಕಾಲೇಜಿನಲ್ಲಿ ನನಗಿಂತ ಚೆನ್ನಾಗಿ ಓಡಿಸುವವರು ಐದಾರು ಜನರಿದ್ದರು. ಯಾಕೆ ನನಗೇ ಕೊಟ್ಟಿರಿ ಎಂದು ಕೇಳಿದ್ದಕ್ಕೆ, "ನೀ ಅಂಜಬುರುಕ ಇದ್ದಿ. ಸಾವಕಾಶ ಓಡಸ್ತಿ," ಎಂದಿದ್ದರು.

ಆರು ವರ್ಷ ಅವರು ನನ್ನಿಂದ ಏನನ್ನೂ ಕೇಳಿರಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ದಿನ ಫೋನು ಬಂತು. "ಗುರುರಾಜ, ಮುಂದಿನ ತಿಂಗಳ ನನಗ ಎಂಬತ್ತು ತುಂಬತಾವ. ನನ್ನ ಗಾಡ್ಯಾಗ ಒಂದು ಸಲ ಜೇಜುರಿಗೆ ಕರಕೊಂಡು ಹೋಗು. ಮೆಟ್ಟಲ ಹತ್ತಂಗಿಲ್ಲ. ಕೆಳಗ ನಿಂತು ಕೈ ಮುಗದು ಬರತೀನಿ." ಜೇಜುರಿ ಗುಡ್ಡದ ಖಂಡೋಬ ಅವರ ಮನೆದೇವರು. ಶೈಲಾಳ ತವರಿನ ಕಡೆಯವರೂ ಅವನನ್ನೇ ಮೈಲಾರಲಿಂಗ ಎಂದು ನಡೆದುಕೊಳ್ಳುತ್ತಾರೆ. ಹಾಗಾಗಿ ತಾನೂ ಬರುತ್ತೇನೆ, ಸೀರೆ ಹಾಳಾದರೂ ಚಿಂತೆಯಿಲ್ಲ ಎಂದಳು. ಎಲ್ಲ ಸುಗಮವಾಗಿತ್ತು. ಅಷ್ಟರಲ್ಲಿ ಆಕೆ ಕೆಳಗೆ ಹೋಗಿ ಕಾರಿನ ಟೈರುಗಳನ್ನು ನೋಡಿದಳು.

"ಇಲ್ಲೆ ಬರ್ರಿ," ಎಂದು ಕರೆದಳು. ಹೋದೆ. ಟೈರಿನ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದಳು. ಬೇಸಿಗೆಯ ಕೆರೆಯಂತೆ ಸುತ್ತಲೂ ಬಿರುಕು. "ನನ್ನ ಹಿಮ್ಮಡ ಇದಕ್ಕಿಂತ ಚಲೋ ಅದಾವ. ಇದರ ಮ್ಯಾಲೆ ಎಂಬತ್ತು ವರ್ಷದ ಹೆಣ್ಮಗಳನ್ನ ಘಾಟ್ ಹತ್ತಸ್ತೀರೇನು?" ಬಿರುಕು ಬರೀ ಮೇಲ್ಮೈಯದು, ರಬ್ಬರಿನ ಗುಣವೇ ಹಾಗೆ ಎಂದು ನಾನು ಶಾಸ್ತ್ರೀಯವಾಗಿ ವಿವರಿಸತೊಡಗಿದೆ. ಆಕೆ ಆಗಲೇ ಲಿಫ್ಟಿನ ಬಳಿ ಇದ್ದಳು.

ಮರುದಿನ ಮಲ್ಲಪ್ಪನ ಅಂಗಡಿಗೆ ಹೋದೆ. ಮಲ್ಲಪ್ಪ ಯಾದಗಿರಿಯ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಇಟ್ಟಿಗೆ ಹೊತ್ತು, ಆಮೇಲೆ ಪಂಕ್ಚರ್ ತಿದ್ದುವುದನ್ನು ಕಲಿತು, ಈಗ ಹಡಪ್ಸರದಲ್ಲಿ ಸ್ವಂತ ಟೈರಿನ ಅಂಗಡಿ ಇಟ್ಟಿದ್ದಾನೆ. ಅವನು ಟೈರಿನ ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಒತ್ತಿದ್ದ ನಾಲ್ಕು ಅಂಕಿಗಳನ್ನು ಓದಿದ. ಮೊದಲೆರಡು ವಾರ, ಮುಂದಿನೆರಡು ವರ್ಷ. ಟೈರಿಗೂ ಜನ್ಮಕುಂಡಲಿ ಇರುತ್ತದೆಂದು ನನಗೆ ತಿಳಿದದ್ದು ಆಗಲೇ. "ಸರ್, ಈ ಟೈರ್ ಹುಟ್ಟಿದಾಗ ನನ್ನ ಲಗ್ನ ಆಗಿದ್ದಿಲ್ರಿ," ಎಂದ. "ಈಗ ಮಗಳು ಕಾಲೇಜಿಗಿ ಹೋಗ್ತಾಳ."

ಅವನ ಸಲಹೆ ಚಿಕ್ಕದಾಗಿತ್ತು. ಕಬ್ಬಿಣದ ರಿಮ್ಮುಗಳು ಗಟ್ಟಿಯಾಗಿವೆ, ತುಕ್ಕು ಉಜ್ಜಿ ಬಣ್ಣ ಬಳಿದರೆ ಸಾಕು. ಟೈರು ಮಾತ್ರ ಹೊಸದು ಹಾಕಬೇಕು. ಈ ಅಳತೆಯದು ಈಗ ಕಾರುಗಳಿಗೆ ಸಿಗುವುದು ಕಡಿಮೆ, ಆದರೆ ಶಾಲೆ ಮಕ್ಕಳನ್ನು ಒಯ್ಯುವ ಒಂದು ಜಾತಿಯ ವ್ಯಾನಿಗೆ ಇದೇ ಅಳತೆ, ನಾಲ್ಕು ದಿನದಲ್ಲಿ ತರಿಸುತ್ತೇನೆ ಎಂದ. ಇಷ್ಟು ಸರಿಯಾದ ಮಾತನ್ನು ಇಷ್ಟು ಸುಲಭವಾಗಿ ಹೇಳಿದ್ದೇ ತಪ್ಪಾಯಿತು. ಸುಮತಿಬಾಯಿಯ ಕಾರಿಗೆ ಶಾಲೆಯ ವ್ಯಾನಿನ ಟೈರು ಎಂದರೆ ಪಟ್ಟೆ ಪೀತಾಂಬರದ ಕೆಳಗೆ ರಬ್ಬರ್ ಚಪ್ಪಲಿ ಹಾಕಿದಂತೆ ಅನ್ನಿಸಿತು. "ನೋಡೂಣು," ಎಂದು ಹೇಳಿ ಬಂದುಬಿಟ್ಟೆ.

ಮಗರಪಟ್ಟಾದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಕಾರ್ತಿಕ್ ಎಂಬ ಬೆಂಗಳೂರಿನ ತರುಣನಿದ್ದಾನೆ. ಖರಾಡಿಯಲ್ಲಿ ಕಂಪ್ಯೂಟರ್ ಕೆಲಸ. ಅವತ್ತು ಸಂಜೆ ಪಾರ್ಕಿಂಗಿನಲ್ಲಿ ಸಿಕ್ಕಿ, "ಅಂಕಲ್, ಇಷ್ಟು ಒಳ್ಳೇ ಕಾರಿಗೆ ಆ ಡಬ್ಬಾ ವೀಲ್ ಹಾಕ್ಕೊಂಡು ಓಡಾಡ್ತೀರಲ್ಲ, ನೋಡಿದ್ರೆ ಪಾಪ ಅನ್ಸುತ್ತೆ. ಎರಡಿಂಚು ದೊಡ್ಡ ಅಲಾಯ್ ಹಾಕ್ಸಿ. ಲುಕ್ಕೇ ಚೇಂಜ್ ಆಗ್ಬಿಡುತ್ತೆ," ಎಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬೆಳ್ಳಿಯಂತೆ ಹೊಳೆಯುವ, ಹತ್ತು ಕಡ್ಡಿಯ ಗಾಲಿ. ನೋಡಿದವನೇ ಸೋತುಹೋದೆ. ಐವತ್ತೈದರ ಮೇಲೆ ತಲೆಗೂದಲಿಗೆ ಏನು ಮಾಡಿದರೂ ಜನ ನಗುತ್ತಾರೆ. ಗಾಲಿಗೆ ಮಾಡಿಸಿದರೆ ಯಾರೂ ನಗುವುದಿಲ್ಲವಲ್ಲ ಎಂಬ ಲೆಕ್ಕಾಚಾರವೂ ಒಳಗೆಲ್ಲೋ ಇದ್ದಿರಬೇಕು.

ಆದರೆ ನಾನು ಸುಮ್ಮನೆ ಮರುಳಾಗುವವನಲ್ಲ. ಮರುಳಾದ ಮೇಲೆ ಅದಕ್ಕೆ ಸಮೀಕರಣ ಹುಡುಕುವವನು. ಒಂದು ವಾರ ಗ್ರಾಫ್ ಹಾಳೆ ಮುಂದಿಟ್ಟುಕೊಂಡು ಕೂತೆ. ರಿಮ್ಮು ದೊಡ್ಡದಾದರೆ ಟೈರು ತೆಳ್ಳಗಾಗಬೇಕು. ಆಗ ಗಾಲಿಯ ಒಟ್ಟು ಎತ್ತರ ಮೊದಲಿನಷ್ಟೇ ಉಳಿದು, ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ. ಸುತ್ತಳತೆ, ಉರುಳುವ ಘರ್ಷಣೆ, ಬ್ರೇಕಿನ ದೂರ ಎಲ್ಲ ಹಾಕಿ ನೋಡಿದೆ. ತರಗತಿಯಲ್ಲಿ ವರ್ತುಲ ಚಲನೆಯ ಪಾಠಕ್ಕೆ ಅದನ್ನೇ ಉದಾಹರಣೆಯಾಗಿ ಕೊಟ್ಟೆ. ಎಲ್ಲವೂ ಸರಿಹೊಂದಿತು. ಇಪ್ಪತ್ತೆಂಟು ವರ್ಷಗಳ ಅಧ್ಯಾಪನದಲ್ಲಿ ಇಷ್ಟು ಅಂದವಾಗಿ ಸರಿಹೊಂದಿದ ಲೆಕ್ಕ ನನಗೆ ನೆನಪಿಲ್ಲ.

ಕಾರ್ತಿಕ್ ಹೇಳಿದ ಖರಾಡಿಯ ಗಾಲಿ ಅಂಗಡಿ ಅಂಗಡಿಯಂತಿರಲಿಲ್ಲ. ಗಾಜಿನ ಗೋಡೆ, ಸೋಫಾ, ಕಾಫಿ. ಗೋಡೆಯ ಮೇಲೆ ದೇವರ ಪಟಗಳಂತೆ ಸಾಲಾಗಿ ಗಾಲಿಗಳು. ಬೋಲ್ಟಿನ ತೂತುಗಳ ಅಂತರ ಅಳೆದು, ಹೊಂದುತ್ತದೆ ಎಂದರು. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಹಳೆಯ ರಿಮ್ಮು ಬೇಕಾ ಸರ್ ಎಂದು ಕೇಳಿದಾಗ, ಹಿಂದಿರುಗಿಯೂ ನೋಡದೆ, "ನಕೋ," ಎಂದೆ. ಬೇಡ ಎನ್ನುವ ಆ ಒಂದು ಮರಾಠಿ ಶಬ್ದವನ್ನು ನಾನು ಅಷ್ಟು ಠೀವಿಯಿಂದ ಎಂದೂ ಉಚ್ಚರಿಸಿರಲಿಲ್ಲ.

ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಸಿಗ್ನಲ್ಲಿನಲ್ಲಿ ರಿಕ್ಷಾದವನೊಬ್ಬ ಹೆಬ್ಬೆರಳೆತ್ತಿದ. ನಮ್ಮ ಸೊಸೈಟಿಯ ಗೇಟು ಬಂತು. ಎಡಕ್ಕೆ ತಿರುಗಿಸಿದೆ. ಘರ್ರ್ ಎಂದಿತು. ಯಾರೋ ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾರೆ ಅನ್ನಿಸಿತು. ಹಿಂದೆ ಮುಂದೆ ನೋಡಿದೆ, ಗೇಟಿನ ಕಾವಲುಗಾರ ಬಿಟ್ಟರೆ ಯಾರೂ ಇರಲಿಲ್ಲ, ಅವನ ಕೈಯಲ್ಲಿ ತೆಂಗಿನಕಾಯಿ ಇರಲಿಲ್ಲ. ಸ್ಟೀರಿಂಗ್ ನೇರ ಮಾಡಿದೆ, ಸದ್ದು ನಿಂತಿತು. ಬಲಕ್ಕೆ ತಿರುಗಿಸಿದೆ, ಸದ್ದಿಲ್ಲ. ಎಡಕ್ಕೆ, ಘರ್ರ್. ನಾನು ಎಲ್ಲ ಲೆಕ್ಕವನ್ನೂ ಕಾರು ನೇರ ಹೋಗುತ್ತದೆ ಎಂದು ತಿಳಿದು ಮಾಡಿದ್ದೆ. ಮುಂದಿನ ಗಾಲಿಗಳು ಆಗಾಗ ಅತ್ತಿತ್ತ ತಿರುಗುತ್ತವೆ ಎಂಬ ವಿಷಯ ಗ್ರಾಫ್ ಹಾಳೆಗೆ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ನೇರವಾಗಿ ಮಲ್ಲಪ್ಪನ ಬಳಿ ಹೋಗುತ್ತಾರೆ. ನನಗೆ ಮುಖವಿರಲಿಲ್ಲ. ಬದಲಿಗೆ ನಾನು ಎಡಕ್ಕೆ ತಿರುಗುವುದನ್ನೇ ಬಿಟ್ಟೆ. ಕೇಳುವವರಿಗೆ ಇದು ಕಷ್ಟ ಅನ್ನಿಸಬಹುದು, ಆದರೆ ಸಾಧ್ಯವಿದೆ. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಸಲ ಎಡಕ್ಕೆ ತಿರುಗಿದಂತೆಯೇ. ಮನೆಯ ಗೇಟು ಎಡಕ್ಕಿದ್ದರೆ ಅದನ್ನು ದಾಟಿ ಮುಂದೆ ಹೋಗಿ, ಬಲಕ್ಕೆ ಅರ್ಧ ಸುತ್ತು ಹೊಡೆದು ವಾಪಸ್ ಬಂದರೆ ಅದೇ ಗೇಟು ಬಲಕ್ಕೆ ಬರುತ್ತದೆ. ಪುಣೆಯಲ್ಲಿ ಬಲಕ್ಕೆ ತಿರುಗುವುದೆಂದರೆ ಎದುರಿನಿಂದ ಬರುವ ಎಲ್ಲ ದ್ವಿಚಕ್ರಿಗಳ ಅನುಮತಿ ಪಡೆಯಬೇಕು. ಅವರಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹೆಣ್ಣುಮಕ್ಕಳು ಯಾರಿಗೂ ಅನುಮತಿ ಕೊಟ್ಟ ಉದಾಹರಣೆ ಇಲ್ಲ. ಇಪ್ಪತ್ತು ನಿಮಿಷದ ಕಾಲೇಜಿನ ದಾರಿ ಐವತ್ತು ನಿಮಿಷವಾಯಿತು. ಒಂದು ದಿನ ತರಕಾರಿ ತರಲು ಹೋದವನು ಪಕ್ಕದ ಮುಂಢ್ವಾ ಬಡಾವಣೆಯನ್ನೇ ನೋಡಿಕೊಂಡು ಬಂದೆ. ಆದರೂ ಸುಳ್ಳು ಹೇಳಬಾರದು, ಆ ದಿನಗಳಲ್ಲಿ ನಾನು ಸುಖವಾಗಿಯೇ ಇದ್ದೆ. ಊರಿನ ಎಷ್ಟೋ ಹೊಸ ಭಾಗಗಳನ್ನು ಕಂಡೆ, ಹೋದಲ್ಲೆಲ್ಲ ಜನ ಗಾಲಿ ನೋಡಿದರು.

ಜೇಜುರಿಗೆ ಹೋಗುವ ಹಿಂದಿನ ಭಾನುವಾರ ಬೆಳಿಗ್ಗೆ, ಹೊಸ ಗಾಲಿ ತೋರಿಸೋಣವೆಂದು ವಾನವಡಿಯಲ್ಲಿರುವ ಸುಮತಿಬಾಯಿಯ ಮನೆಗೆ ಹೋದೆ. ಬಾಯಿ ಕೋಲೂರಿಕೊಂಡು ಹೊರಗೆ ಬಂದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಚಂದ ಅದಾವ," ಎಂದರು. "ಯಾರದು ಗಾಡಿ?"

"ನಿಮ್ಮದಽರಿ ಬಾಯಿ."

"ನಂದ?" ಎಂದು ಇನ್ನೊಮ್ಮೆ ನೋಡಿದರು. ಒಳಗೆ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು. ಒಂದು ಸುತ್ತು ಹೋಗಿ ಬರೋಣ, ಬ್ರೆಡ್ಡು ತರಬೇಕು ಎಂದರು. ಬೇಕರಿ ಎಡಗಡೆಯ ಮೊದಲ ಓಣಿಯಲ್ಲಿತ್ತು; ಎಡಕ್ಕೆ ಹೋಗು ಎಂದರು. ನಾನು ಓಣಿಯನ್ನು ದಾಟಿ ಮುಂದೆ ಹೋಗಿ ಬಲಕ್ಕೆ ತಿರುಗಿದೆ. ಮತ್ತೆ ಬಲಕ್ಕೆ. ಮತ್ತೆ ಬಲಕ್ಕೆ. ಬೇಕರಿ ಬಂತು. ಇಳಿದು ಬ್ರೆಡ್ಡು ತಂದುಕೊಟ್ಟೆ.

"ಗುರುರಾಜ," ಎಂದರು ಬಾಯಿ, ಪ್ರಾಕ್ಟಿಕಲ್ ಪರೀಕ್ಷೆಯ ಧ್ವನಿಯಲ್ಲಿ. "ನಾ ಎಡಕ್ಕ ಹೋಗು ಅಂದೆ. ನೀ ಮೂರು ಸಲ ಬಲಕ್ಕ ಹೋದಿ."

"ಎರಡೂ ಒಂದಽರಿ ಬಾಯಿ. ಬಲಕ್ಕ ಎರಡುನೂರಾ ಎಪ್ಪತ್ತು ಡಿಗ್ರಿ ಅಂದ್ರ ಎಡಕ್ಕ ತೊಂಬತ್ತು."

"ಕ್ಲಾಸಿನ ಬೋರ್ಡಿನ ಮ್ಯಾಲೆ ಹೌದು," ಎಂದರು. "ಈಗ ಎಡಕ್ಕ ಹೊಳ್ಳಸು."

ಬೇರೆ ದಾರಿಯಿರಲಿಲ್ಲ. ಹೊಳ್ಳಿಸಿದೆ. ಘರ್ರ್ ಎಂದಿತು. ಬಾಯಿ ಕಣ್ಣು ಮುಚ್ಚಿ ಕೇಳಿದರು, ಸಂಗೀತ ಕೇಳುವವರಂತೆ. ಆಮೇಲೆ, "ದಿವೆ ಘಾಟಿನ್ಯಾಗ ಎಡಕ್ಕ ಎಷ್ಟು ತಿರುವು ಅದಾವ, ಎಣಿಸೀ ಏನು?" ಎಂದರು. ಎಣಿಸಿರಲಿಲ್ಲ. ಅಲ್ಲಿಯವರೆಗೆ ಜೇಜುರಿಯ ದಾರಿಯಲ್ಲಿರುವ ಆ ಘಾಟಿನ ತಿರುವುಗಳ ವಿಚಾರವೇ ನನ್ನ ತಲೆಗೆ ಬಂದಿರಲಿಲ್ಲ ಎಂದರೆ ನಂಬಬೇಕು. ಒಂದು ಕಡೆ ಬೆಟ್ಟ, ಒಂದು ಕಡೆ ಕಣಿವೆ; ಅಲ್ಲಿ ಎಡಕ್ಕೆ ಹೋಗಲು ಮೂರು ಸಲ ಬಲಕ್ಕೆ ತಿರುಗಲಾಗದು.

ಬಾಯಿ ದನಿ ತಗ್ಗಿಸಿದರು. "ತಪ್ಪು ನಿನ್ನದೊಂದ ಅಲ್ಲ. ಬಲಗಡೆ ಮಡ್‌ಗಾರ್ಡಿನ ಒಳಗ ಒಂದು ತೆಗ್ಗು ಅದ. ಕಾಲೇಜಿನ ಗೇಟಿನ ಕಂಬಕ್ಕ ನಾನಽ ಬಡದಿದ್ದೆ. ಬಸ್ಸಿನವ ಬಡದ ಅಂತ ಎಲ್ಲಾರಿಗೂ ಹೇಳಿದೆ. ಸ್ಟಾಫ್ ರೂಮಿನ್ಯಾಗ ಒಂದು ತಿಂಗಳ ಆ ಬಸ್ಸಿನವನ್ನ ಬೈದ್ರು, ನಾನೂ ಬೈದೆ. ನನ್ನ ಗಾಲಿ ಅಗಲ ಕಡಿಮಿ ಇದ್ದವು, ಆ ತೆಗ್ಗಿಗೆ ತಾಗತಿದ್ದಿಲ್ಲ." ಇಪ್ಪತ್ತೆಂಟು ವರ್ಷ ನಾನು ಅಂಜುತ್ತ ಗೌರವಿಸಿದ್ದ ಹೆಂಗಸು ಬ್ರೆಡ್ಡಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ತುಂಟಿಯಂತೆ ನಗುತ್ತಿದ್ದರು. ನಾನೂ ನಕ್ಕೆ. ಆಗ ಅವರು ಕೇಳಿದರು, "ನನ್ನ ಗಾಲಿ ಎಲ್ಲೆ ಇಟ್ಟಿ?"

"ಅದಾವರಿ," ಎಂದೆ.

ಮನೆಗೆ ಬಂದು ಶೈಲಾಳಿಗೆ ಎಲ್ಲ ಹೇಳಿದೆ. ಎಡಕ್ಕೆ ತಿರುಗದ ಸಂಗತಿ ಹೇಳುವಾಗ ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ಹದಿನೈದು ದಿನದಿಂದ ಬಾಲ್ಕನ್ಯಾಗ ನಿಂತು ನೋಡಾಕತ್ತೀನಿ. ಗೇಟಿನ ತನಕಾ ಬರ್ತೀರಿ, ಗೇಟ್ ಬಿಟ್ಟು ಹೋಗ್ತೀರಿ, ಮತ್ತ ಬರ್ತೀರಿ."

"ಮತ್ಯಾಕ ಹೇಳಲಿಲ್ಲ?"

"ಎಷ್ಟು ದಿನ ನಡಸ್ತೀರಿ ನೋಡೂಣು ಅಂತ," ಎಂದಳು. ಆಮೇಲೆ ಹೆಲ್ಮೆಟ್ ತೆಗೆದುಕೊಂಡು, "ಏಳ್ರಿ. ಬಾಯಿಗೆ ಅದಾವ ಅಂತ ಹೇಳಿ ಬಂದೀರಿ. ಇರಬೇಕಲ್ಲ," ಎಂದಳು. ಆಕೆಯ ಸ್ಕೂಟರಿನ ಹಿಂದೆ ಕೂತು ಖರಾಡಿಗೆ ಹೋದೆ. ಎಡತಿರುವುಗಳಲ್ಲಿ ಸ್ಕೂಟರು ಸಲೀಸಾಗಿ ವಾಲುವಾಗ ನನಗೆ ಹೊಟ್ಟೆಕಿಚ್ಚಾಯಿತು.

ಗಾಜಿನ ಅಂಗಡಿಯ ಹಿತ್ತಲಲ್ಲಿ, ಗುಜರಿಯವನು ಬರುವುದನ್ನು ಕಾಯುತ್ತಿದ್ದ ಗುಡ್ಡೆಯಲ್ಲಿ ಮೂರು ರಿಮ್ಮು ಸಿಕ್ಕವು. ನಾಲ್ಕನೆಯದಿಲ್ಲ. ಹುಡುಕಿ ಸುಸ್ತಾಗಿ, ಪಕ್ಕದ ಮಿಸಳ್ ಅಂಗಡಿಗೆ ಹೋಗಿ ಕೂತೆವು. ಶೈಲಾ ತಿನ್ನುತ್ತಿದ್ದವಳು ಚಮಚ ಕೆಳಗಿಟ್ಟು ಬಾಗಿಲ ಕಡೆ ಕಣ್ಣು ತೋರಿಸಿದಳು. ಅಂಗಡಿಯ ಮುಂದೆ 'ನೋ ಪಾರ್ಕಿಂಗ್' ಫಲಕ ಹೊತ್ತ ಒಂದು ಕಬ್ಬಿಣದ ಪೈಪು. ಪೈಪನ್ನು ಕಟ್ಟಿಗೆಯ ತುಂಡುಗಳಿಂದ ಬಿಗಿಮಾಡಿ ನಿಲ್ಲಿಸಿದ್ದು ನಮ್ಮ ನಾಲ್ಕನೆಯ ರಿಮ್ಮಿನ ನಡುವಿನ ತೂತಿನಲ್ಲಿ.

ಅಂಗಡಿಯ ಮಾಲೀಕ ಸಾಧು ಮನುಷ್ಯ, ಆದರೆ ಈ ವಿಷಯದಲ್ಲಿ ಗಟ್ಟಿ. ಮೊದಲಿದ್ದ ಫಲಕ ಗಾಳಿಗೆ ಬಿದ್ದು ಬಿದ್ದು ಹೋಗುತ್ತಿತ್ತು, ಇದು ಬಂದ ಮೇಲೆ ಒಂದು ದಿನವೂ ಬಿದ್ದಿಲ್ಲ, ಕೊಡುವುದಿಲ್ಲ ಎಂದು ಮರಾಠಿಯಲ್ಲಿ ವಿನಯವಾಗಿ ಹೇಳಿದ. ನಾನು ಹಳೆಯ ಕಾರಿನ ಮಹತ್ವ ವಿವರಿಸಿದೆ. ಗಾಳಿಯ ಮಹತ್ವ ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಶೈಲಾ ಎರಡನೆಯ ಪ್ಲೇಟು ತರಿಸಿಕೊಂಡು, ಬಾಯಿಯ ಎಂಬತ್ತರ ಕಥೆಯನ್ನೂ ಜೇಜುರಿಯ ಯಾತ್ರೆಯನ್ನೂ ನನ್ನ ಮೂರು ಬಲತಿರುವುಗಳನ್ನೂ ಸಾವಕಾಶವಾಗಿ ಹೇಳಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಬದಲಿಗೆ ಹೊಳೆಯುವ ಗಾಲಿಯೊಂದನ್ನು ಕೊಡುತ್ತೇವೆ ಎಂದಳು. ಫೋನಿನಲ್ಲಿ ಅದರ ಚಿತ್ರ ನೋಡಿ, ಬಾಗಿಲಿನ ಎರಡೂ ಬದಿಗೆ ಒಂದೊಂದು ಇದ್ದರೆ ಚೆನ್ನ ಎಂದ. ಎರಡಕ್ಕೆ ಒಪ್ಪಂದವಾಯಿತು. ಉಳಿದೆರಡನ್ನು ಕಾರ್ತಿಕ್ ಮೇಲೊಂದು ಗಾಜು ಇರಿಸಿ ಟೀಪಾಯಿ ಮಾಡಿಕೊಂಡಿದ್ದಾನೆ. ಅಲ್ಲಿ ನಿಜಕ್ಕೂ ಚೆನ್ನಾಗಿ ಕಾಣುತ್ತವೆ, ಯಾವ ಕಡೆಗೂ ತಿರುಗಬೇಕಿಲ್ಲವಲ್ಲ.

ನಾಲ್ಕು ರಿಮ್ಮುಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ಮಲ್ಲಪ್ಪನ ಅಂಗಡಿಗೆ ಹೋದೆ. ನನ್ನನ್ನೂ ರಿಮ್ಮುಗಳನ್ನೂ ಅವನು ಒಂದೊಂದಾಗಿ ನೋಡಿದ. ಬೈಯುತ್ತಾನೆಂದು ಕಾದೆ. "ಚಾ ಕುಡೀತೀರೇನ್ರಿ ಸರ್?" ಎಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ರಿಮ್ಮುಗಳನ್ನು ಯಂತ್ರದ ಮೇಲೆ ತಿರುಗಿಸಿ ಸೊಟ್ಟಗಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ತುಕ್ಕು ಉಜ್ಜಿ, ಬೂದಿಬೆಳ್ಳಿ ಬಣ್ಣ ಬಳಿದ. ವ್ಯಾನಿನ ಟೈರುಗಳು ಗುರುವಾರ ಬಂದವು, ಕಾರನ್ನು ಅಂಗಡಿಗೆ ಒಯ್ದೆ. ಈ ಸಲ ನಾನೇ ಬಗ್ಗಿ ನಾಲ್ಕು ಅಂಕಿ ಓದಿದೆ. ಎರಡು ತಿಂಗಳ ಕೂಸುಗಳು. ಕೂಡಿಸಿ, ಗಾಳಿ ತುಂಬಿ, ಬೋಲ್ಟು ಬಿಗಿದು, "ಹೊಳ್ಳಿಸಿ ನೋಡ್ರಿ," ಎಂದ. ಅಂಗಡಿಯಿಂದ ಹೊರಬಿದ್ದು ಮೊದಲ ತಿರುವಿನಲ್ಲಿ ಎಡಕ್ಕೆ ಹೊಳ್ಳಿಸಿದೆ. ಯಾವ ಸದ್ದೂ ಇಲ್ಲ. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ಆದರೂ ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ ಹೋಗಿ, ಮಲ್ಲಪ್ಪನ ಅಂಗಡಿಯ ಮುಂದೆಯೇ ಹಾದು ಬಂದೆ. ಅವನು ಟೈರಿನೊಳಗೆ ತಲೆ ತಗ್ಗಿಸಿ ನಗುತ್ತಿದ್ದ.

ಭಾನುವಾರ ಹೊರಟೆವು. ಬಾಯಿ ಮುಂದೆ, ಶೈಲಾ ಹಿಂದೆ ಮೊಣಕಾಲು ಮಡಚಿಕೊಂಡು. ಕೂಡುವ ಮುನ್ನ ಬಾಯಿ ತಮ್ಮ ಗಾಲಿಗಳನ್ನು ನೋಡಿ, ಕೋಲಿನ ತುದಿಯಿಂದ ಒಂದನ್ನು ಮೆಲ್ಲಗೆ ತಟ್ಟಿದರು, ಅಷ್ಟೇ. ದಿವೆ ಘಾಟಿನಲ್ಲಿ ಒಂದೊಂದು ಎಡತಿರುವಿಗೂ ಗಟ್ಟಿಯಾಗಿ ಎಣಿಸಿದರು. ಎಷ್ಟಾಯಿತೆಂದು ನನಗೆ ಹೇಳಲಿಲ್ಲ, ನೀನೇ ಎಣಿಸಬೇಕಿತ್ತು ಎಂದರು. ಜೇಜುರಿಯಲ್ಲಿ ಗುಡ್ಡದ ಕೆಳಗೆ ನಿಂತು ಕೈ ಮುಗಿದರು. ಶೈಲಾ ಮೆಟ್ಟಿಲು ಹತ್ತಿ ದರ್ಶನ ಮಾಡಿ, ಮೈತುಂಬ ಭಂಡಾರದ ಹಳದಿಯೊಂದಿಗೆ ಇಳಿದು ಬಂದಳು. ಇಳಿಯುವಾಗ ಜೊತೆಯಾದ ಕಲಬುರಗಿ ಕಡೆಯ ಮುದುಕಿಯೊಬ್ಬಳು ಕಾರಿನ ನಾಲ್ಕೂ ಗಾಲಿಗೆ ಚಿಟಿಕೆ ಚಿಟಿಕೆ ಭಂಡಾರ ಹಚ್ಚಿ, "ಸುಖವಾಗಿ ಹೋಗಿ ಬರ್ರಿ," ಎಂದಳು. ವಾಹನಗಳು ನಿಲ್ಲುವ ಬಯಲು ಅವತ್ತು ಬಹುತೇಕ ಖಾಲಿಯಿತ್ತು. ಬಾಯಿ ಆ ಬಯಲನ್ನೊಮ್ಮೆ ನೋಡಿ, "ಎಡಕ್ಕ ಒಂದು ಸುತ್ತು ಹೊಡಿ," ಎಂದರು. ಹೊಡೆದೆ. "ಇನ್ನೊಂದು." ಮೂರನೆಯ ಸುತ್ತಿಗೆ ಅವರು ಕಿಟಕಿಯಿಂದ ಕೈ ಹೊರಗೆ ಚಾಚಿದ್ದರು. ಹಿಂದಿನಿಂದ ಶೈಲಾ ತಲೆ ತಿರುಗುತ್ತದೆ ಅನ್ನುತ್ತಿದ್ದಳು, ಆದರೆ ಸಾಕು ಅನ್ನಲಿಲ್ಲ.

ವಾಪಸ್ ಬರುವಾಗ ಸಾಸವಡದ ಬಳಿ ಪೆಟ್ರೋಲಿಗೆ ನಿಂತೆವು. ನಮ್ಮ ಪಕ್ಕದಲ್ಲಿ ಇನ್ನೊಂದು ಹಳೆಯ ಕಾರು ಬಂದು ನಿಂತಿತು. ಅದರ ಮಾಲೀಕ, ಮೂವತ್ತರ ಆಸುಪಾಸಿನವನು, ಇಳಿದು ಬಂದು ನಮ್ಮ ಕಾರನ್ನು ಭಕ್ತಿಯಿಂದ ನೋಡಿದ. ತನ್ನ ಕಾರಿಗೆ ದೊಡ್ಡ ಅಲಾಯ್ ಗಾಲಿ ಹಾಕಿಸುವ ವಿಚಾರವಿದೆ, ನಿಮಗೇನನ್ನಿಸುತ್ತದೆ ಎಂದು ಮರಾಠಿಯಲ್ಲಿ ಕೇಳಿದ. ನನ್ನೊಳಗಿನ ಮೇಷ್ಟ್ರು ಎಚ್ಚರಗೊಂಡ. ಹಳೆಯ ಗಾಡಿಯ ಮೂಲರೂಪಕ್ಕೆ ಕೈ ಹಚ್ಚುವುದು ಅಪರಾಧ ಎಂದೆ. ಮಡ್‌ಗಾರ್ಡಿನ ಒಳಗಿನ ಜಾಗ, ಗಾಲಿ ತಿರುಗುವ ಕೋನ, ಟೈರಿನ ಹುಟ್ಟಿದ ವಾರ, ಎಲ್ಲ ತಿಳಿಸಿದೆ. ಕೆಲವರಿಗೆ ತಾಳ್ಮೆ ಇರುವುದಿಲ್ಲ, ಹೊಳಪು ಕಂಡರೆ ಸಾಕು ಬುದ್ಧಿ ಕಳೆದುಕೊಳ್ಳುತ್ತಾರೆ, ಅಂಥವರನ್ನು ನೋಡಿದರೆ ನನಗೆ ಕನಿಕರವಾಗುತ್ತದೆ ಎಂದೂ ಹೇಳಿದೆ. ಅವನು ಫೋನು ತೆಗೆದು ಬರೆದುಕೊಳ್ಳುತ್ತಿದ್ದ.

ಕಿಟಕಿಯ ಗಾಜು ಇಳಿದಿತ್ತು. "ಶೈಲಾ," ಎಂದು ಬಾಯಿ ಹಿಂದಕ್ಕೆ ತಿರುಗಿ ಕೇಳುವುದು ನನಗೆ ಕೇಳಿಸಿತು, "ಇವ ಯಾರ ಬಗ್ಗೆ ಹೇಳಾಕತ್ತಾನ?"

"ಗೊತ್ತಿಲ್ರಿ ಬಾಯಿ," ಎಂದಳು ಶೈಲಾ. "ನಮ್ಮ ಪೈಕಿ ಯಾರೋ ಇರಬೇಕು."

ಅವನಿಗೆ ಕನ್ನಡ ಬರುತ್ತಿರಲಿಲ್ಲ, ಪುಣ್ಯ. ನಿಮ್ಮಂಥ ತಿಳಿದವರು ಈಗ ಅಪರೂಪ ಸರ್ ಎಂದು ನನ್ನ ಕೈ ಕುಲುಕಿದ. ನಾನು ಅಲ್ಲಗಳೆಯಲಿಲ್ಲ.